ಸೀಟಿನ ಗವುಸು: ಬಿಟ್ಟುಕೊಡಬೇಕಾದ ಹೊಲಿಗೆ

ದಿಂಬಿಗೆ ಹಾಕೋದನ್ನ ಕನ್ನಡದಲ್ಲಿ ಗವುಸು ಅಂತೀವಿ, ತೆಲುಗಿನಲ್ಲಿ ಗಲೀಬು ಅಂತಾರೆ. ಕಾರಿನ ಸೀಟಿಗೆ ಹಾಕುವ ಗವುಸಿಗೆ ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಹೆಸರು, ಸೀಟ್ ಕವರ್. ರಾಯದುರ್ಗ, ಬಳ್ಳಾರಿ ಅಂದರೆ ಜೀನ್ಸ್ ಹೊಲಿಯುವ ಊರುಗಳು. ಹೊಲಿಗೆ ಗಟ್ಟಿ ಇದ್ದಷ್ಟೂ ಒಳ್ಳೇದು ಅನ್ನೋದು ನಮ್ಮ ಕಡೆಯವರ ಲೆಕ್ಕ. ಆದರೆ ಸೀಟ್ ಕವರಿನಲ್ಲಿ ಒಂದು ಜಾಗದ ಹೊಲಿಗೆ ಬಿಟ್ಟುಕೊಡಲೇಬೇಕು. ಅದು ಎಲ್ಲಿ, ಯಾಕೆ ಅನ್ನೋದನ್ನ ಹೇಳುವುದಕ್ಕೇ ಈ ಬರಹ.

ಮೊದಲು ಬಟ್ಟೆಯ ಮಾತು. ರೆಕ್ಸಿನ್ ಒರೆಸಿದರೆ ಸಾಕು, ಕ್ಲೀನು. ಕಡಲೆಕಾಯಿ ಚೀಲ, ಮೆಣಸಿನಕಾಯಿ ಮೂಟೆ ಹೇರುವವರಿಗೆ ಅದೇ ಸರಿ. ಆದರೆ ಏಪ್ರಿಲ್, ಮೇ ಬಿಸಿಲಿಗೆ ಸುಡುತ್ತದೆ, ಬೆವರಿದ ಬೆನ್ನಿಗೆ ಅಂಟುತ್ತದೆ. ಸಣ್ಣ ತೂತು ಹಾಕಿದ ರೆಕ್ಸಿನ್ನಿನಲ್ಲಿ ಬೆನ್ನಿಗೆ ಸ್ವಲ್ಪ ಗಾಳಿ ಆಡುತ್ತದೆ. 'ಲೆದರ್' ಅಂತ ಅಂಗಡಿಯವರು ತೋರಿಸುವುದು ಹೆಚ್ಚಾಗಿ ಪಿಯು. ನೋಡೋಕೆ ಚೆಂದ, ಕೆಲವು ವರ್ಷಕ್ಕೆ ಸಿಪ್ಪೆ ಏಳಬಹುದು. ಹತ್ತಿ ಅಥವಾ ಟವೆಲ್ ಬಟ್ಟೆ ಬೆವರು ಹೀರುತ್ತದೆ, ಬಿಚ್ಚಿ ಒಗೆಯಬಹುದು, ಆದರೆ ಕಲೆ ಬೇಗ ಹಿಡಿಯುತ್ತದೆ. ಜುಂಗು ಜುಂಗಾದ ಬಟ್ಟೆ ಬೇಡ್ರಿ, ಧೂಳಿನ ಗೂಡು ಅದು. ಬಣ್ಣದಲ್ಲಿ ಕರಿ ಕಾಯುತ್ತದೆ, ಬಿಳಿಯಲ್ಲಿ ಕೆಮ್ಮಣ್ಣು ಕಾಣುತ್ತದೆ. ಬೂದಿ ಬಣ್ಣ ಎರಡಕ್ಕೂ ನಡುವೆ.

ಈಗ ಹೊಲಿಗೆಯ ಮಾತು. ಈಚಿನ ಬಹಳಷ್ಟು ಕಾರುಗಳಲ್ಲಿ ಮುಂದಿನ ಸೀಟಿನ ಬೆನ್ನಿನ ಒಳಗೆ, ಬಾಗಿಲ ಕಡೆ, ಪಕ್ಕದ ಏರ್‌ಬ್ಯಾಗ್ ಇರುತ್ತದೆ. ಆ ಪಕ್ಕದಲ್ಲೇ 'ಏರ್‌ಬ್ಯಾಗ್' ಅಂತ ಇಂಗ್ಲಿಷಿನಲ್ಲಿ ಬರೆದ ಸಣ್ಣ ಚೀಟಿ ಇರುತ್ತದೆ, ಬೆರಳಿಟ್ಟು ಹುಡುಕಿ. ಪಕ್ಕದಿಂದ ಲಾರಿ ಬಂದು ಗುದ್ದಿದರೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೀಟನ್ನು ಸೀಳಿ ಹೊರಗೆ ಬರಬೇಕು. ಅಲ್ಲಿ ಗಟ್ಟಿ ರೆಕ್ಸಿನ್ ಬಿಗಿದು ಡಬಲ್ ಹೊಲಿಗೆ ಹಾಕಿದರೆ ಅದು ತಡವಾಗುತ್ತದೆ, ಇಲ್ಲವೇ ದಿಕ್ಕು ತಪ್ಪುತ್ತದೆ. ಹಾಗಾಗಿ ಆ ಜಾಗ ತೆರೆದಿರುವ, ಅಥವಾ ಏರ್‌ಬ್ಯಾಗಿಗೆಂದೇ ಹರಿಯುವ ದಾರ ಹಾಕಿದ ಕವರನ್ನೇ ಕೇಳಿ. "ಎಲ್ಲಾ ಗಾಡಿಗೂ ಇದೇ ಹಾಕ್ತೀವಿ ಸಾರ್" ಅಂದರೆ ಎದ್ದು ಬನ್ನಿ. ಕಾರಿನ ಜೊತೆ ಬರುವ ಪುಸ್ತಕದಲ್ಲಿ ಕವರ್ ಹಾಕಬಹುದೋ ಬೇಡವೋ ಬರೆದಿರುತ್ತದೆ, ಬೇಡ ಅಂದಿದ್ದರೆ ಬೇಡ.

ಎರಡನೇದು ಹಿಂದಿನ ಸೀಟು. ಕವರ್ ಎಳೆದು ಕಟ್ಟುವ ಅವಸರದಲ್ಲಿ ಬೆಲ್ಟಿನ ಬಕಲುಗಳನ್ನು ಒಳಗೇ ಹೂತುಬಿಡುತ್ತಾರೆ. ಮದುವೆಗೆ, ಜಾತ್ರೆಗೆ ಹೋಗುವಾಗ ಹಿಂದೆ ಕೂರುವವರು ಅಮ್ಮ, ಅತ್ತೆ, ಮೊಮ್ಮಕ್ಕಳು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದಲ್ಲಿ, ಹಿಂದೆ ಕೂತಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಅಷ್ಟು ದೊಡ್ಡ ಕಾರಿಗೇ ಆ ಗತಿ. 2019ರ ತಿದ್ದುಪಡಿಯಾದ ಮೇಲೆ ಬೆಲ್ಟ್ ಹಾಕದಿದ್ದರೆ ಕಾಯ್ದೆಯಲ್ಲಿ 1000 ರೂಪಾಯಿ ದಂಡವೂ ಉಂಟು. ದಂಡ ಕಟ್ಟಿಯಾದರೂ ಬರಬಹುದು, ಹೋದ ಜೀವ ಬರೋದಿಲ್ಲ.

ಕವರ್ ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಷೋರೂಮಿನ ಪ್ಲಾಸ್ಟಿಕ್ ಹಾಗೇ ಇದ್ದರೆ ಮೊದಲು ಕಿತ್ತು ಹಾಕಿಸಿ. ಅದರ ಮೇಲೆ ಕವರ್ ಜಾರುತ್ತದೆ, ಒಳಗೆ ತೇವ ನಿಂತು ಸ್ಪಂಜು ನಾರುತ್ತದೆ. ತಲೆದಿಂಬನ್ನು ಅದರ ಬುಡದ ಗುಂಡಿ ಒತ್ತಿ ತೆಗೆಯಬೇಕು, ಜಗ್ಗಬಾರದು. ಸೀಟಿನ ಕೆಳಗೆ ಹಳದಿ ವೈರು, ಹಳದಿ ಪ್ಲಗ್ಗು ಕಂಡರೆ ಅದು ಏರ್‌ಬ್ಯಾಗಿನದು, ಯಾರೂ ಮುಟ್ಟಬಾರದು. ಎಲಾಸ್ಟಿಕ್ಕು, ಕೊಕ್ಕೆ ಸೀಟು ಸರಿಯುವ ಹಳಿಗೆ ಸಿಕ್ಕಬಾರದು.

ದುಡ್ಡು ಎಣಿಸುವ ಮುಂಚೆ ನಾಲ್ಕು ನೋಡಿ. ಸೀಟು ಹಿಂದೆ ಮುಂದೆ ಸಲೀಸಾಗಿ ಸರಿಯುತ್ತದಾ? ಒರಗುತ್ತದಾ? ಎಲ್ಲಾ ಬಕಲು ಮೇಲೆ ಬಂದು 'ಟಿಕ್' ಅನ್ನುತ್ತವಾ? ಗಾಡಿ ಚಾಲೂ ಮಾಡಿದ ಮೇಲೆ ಏರ್‌ಬ್ಯಾಗಿನ ದೀಪ ಆರಿತಾ? ಆರದಿದ್ದರೆ ಅಲ್ಲಿಂದ ಕದಲಬೇಡಿ.

ಆಮೇಲಿನ ಪಾಲನೆ ಹೆಚ್ಚೇನಿಲ್ಲ. ವಾರಕ್ಕೊಮ್ಮೆ ಬ್ರಷ್ಷಿನಿಂದ ಸಂದಿಯ ಧೂಳು, ಕಾಯಿಸಿಪ್ಪೆ ತೆಗೆಯಿರಿ. ರೆಕ್ಸಿನ್ನಿಗೆ ಒಂದೆರಡು ಹನಿ ಶಾಂಪೂ ಹಾಕಿದ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ನೀರು ಸುರಿಯಬೇಡಿ, ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಹತ್ತಿರವೂ ತರಬೇಡಿ. ಕ್ರಿಮಿನಾಶಕದ ಡಬ್ಬಿ ಸೀಟಿನ ಮೇಲೆ ಇಡಲೇಬೇಡಿ. ಸೋರಿದರೆ ಸೆಂಟು ಹೊಡೆದು ಸುಮ್ಮನಾಗದೆ, ಬರಿಗೈ ತಾಗದಂತೆ ಕವರ್ ಬಿಚ್ಚಿ, ಒಳಗಿನ ಸೀಟನ್ನೂ ನೋಡಿ. ಮಕ್ಕಳು ಅದರ ಮೇಲೇ ಮಲಗುವುದು.

ಕವರ್ ಹಳೇದಾದರೆ ಇನ್ನೊಂದು ಹಾಕಿಸಬಹುದು. ಅದರ ಮೇಲೆ ಕೂರುವವರು ಹಾಗಲ್ಲವಲ್ಲ.