ಗಂಟಲುಬೇನೆಯೂ ಮಗುವಿನ ನಡತೆಯೂ

ಎಂಟು ಹತ್ತು ವರ್ಷದ ಹುಡುಗಿಯೊಬ್ಬಳು ಕೈಯಲ್ಲಿ ಹಿಡಿದ ಲೋಟವನ್ನು ಪದೇ ಪದೇ ಬೀಳಿಸತೊಡಗುತ್ತಾಳೆ. ದುಂಡಗಿದ್ದ ಅಕ್ಷರಗಳು ಸೊಟ್ಟಗಾಗುತ್ತವೆ. ಮುಖ ತಾನಾಗಿಯೇ ಸೊಟ್ಟಗಾಗಿ ಸರಿಹೋಗುತ್ತದೆ. ಕಾರಣವಿಲ್ಲದೆ ಅಳುತ್ತಾಳೆ, ಸಿಡುಕುತ್ತಾಳೆ. ಉಪಾಧ್ಯಾಯರು ಇದನ್ನು ತುಂಟತನವೆಂದು ಬಗೆದಾರು. ಮನೆಯವರು ದೃಷ್ಟಿ ತಾಗಿತೆಂದು ನಿವಾಳಿಸಿಯಾರು. ವೈದ್ಯರಾದರೋ ಬೇರೊಂದು ಪ್ರಶ್ನೆಯನ್ನು ಕೇಳುತ್ತಾರೆ: “ಕೆಲವು ತಿಂಗಳ ಹಿಂದೆ ಈ ಮಗುವಿಗೆ ಗಂಟಲುನೋವು ಬಂದಿತ್ತೆ?” ಗಂಟಲಿಗೂ ನಡತೆಗೂ ಎಲ್ಲಿಯ ಸಂಬಂಧ? ಅದನ್ನು ವಿಚಾರ ಮಾಡೋಣ.

ಈ ರೋಗವನ್ನು 1686ರಲ್ಲಿ ಸ್ಪಷ್ಟವಾಗಿ ವರ್ಣಿಸಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡನ್‌ಹ್ಯಾಮ್. ಅವನ ಹೆಸರಿನಿಂದಲೇ ಇದನ್ನು ಸಿಡನ್‌ಹ್ಯಾಮ್ ಕೋರಿಯಾ ಎನ್ನುತ್ತೇವೆ. ಕೋರಿಯಾ ಎಂಬುದು ನೃತ್ಯವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದದ್ದು. ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲಿಯೂ ಹುಡುಗಿಯರಲ್ಲಿ, ಇದು ಹೆಚ್ಚು. ಕೈಕಾಲುಗಳು ತಮ್ಮಷ್ಟಕ್ಕೆ ತಾವೇ ಕುಣಿಯುತ್ತವೆ; ನಿದ್ರೆಯಲ್ಲಿ ಆ ಕುಣಿತ ನಿಲ್ಲುತ್ತದೆ. ವೈದ್ಯರು ತಮ್ಮ ಬೆರಳನ್ನು ಹಿಡಿಯಹೇಳಿದರೆ ಮಗುವಿನ ಹಿಡಿತ ಹಾಲು ಕರೆಯುವವರ ಕೈಯಂತೆ ಬಿಗಿಯುತ್ತ, ಸಡಿಲುತ್ತ ಇರುತ್ತದೆ. ದೇಹದೊಡನೆ ಮನಸ್ಸೂ ಕದಡುತ್ತದೆ. ಕಳವಳ, ಕೋಪ, ಬೇಡವೆಂದರೂ ಬಿಡದೆ ಕಾಡುವ ಯೋಚನೆಗಳು ತಲೆದೋರಬಹುದು.

ಇದರ ಮೂಲ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು. ಇದು ಗಂಟಲನ್ನು ಹೊಕ್ಕಾಗ ನಮ್ಮ ದೇಹವು ಅದನ್ನು ಎದುರಿಸಲು ಪ್ರತಿಕಾಯಗಳನ್ನು ತಯಾರಿಸುತ್ತದೆ. ಆದರೆ ರೋಗಾಣುವಿನ ಕೆಲವು ಅಂಶಗಳು ನಮ್ಮ ದೇಹದ ಅಂಶಗಳನ್ನೇ ಹೋಲುತ್ತವೆ. ಕಳ್ಳನ ಉಡುಪನ್ನು ಹೋಲುವ ಬಟ್ಟೆ ತೊಟ್ಟ ಮನೆಯ ಮಗನನ್ನೇ ಕಾವಲುಗಾರನು ಹಿಡಿದಂತೆ, ಕೆಲವು ಮಕ್ಕಳಲ್ಲಿ ಈ ಪ್ರತಿಕಾಯಗಳು ಮಿದುಳಿನ ಮೇಲೆಯೇ ಎರಗುತ್ತವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಗುರಿಯಾಗುವುದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ನಮ್ಮ ಚಲನೆಗಳನ್ನು ಹದಗೊಳಿಸುವ ಈ ಭಾಗಕ್ಕೆ ಭಾವನೆ, ಅಭ್ಯಾಸಗಳೊಡನೆಯೂ ನಂಟುಂಟು. ಕೋರಿಯಾ ತಗಲಿದ ಹಲವು ಮಕ್ಕಳ ರಕ್ತದಲ್ಲಿ ಇಂಥ ಪ್ರತಿಕಾಯಗಳಿರುವುದು 1976ರಲ್ಲಿ ಕಂಡುಬಂದಿತು.

ಹಾಗಾದರೆ ಕೋರಿಯಾದ ಕುಣಿತವಿಲ್ಲದೆ ಬರಿಯ ನಡತೆಯಷ್ಟೇ ಕೆಡಬಹುದೆ? ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಸಂಗಡಿಗರು 1998ರಲ್ಲಿ ಅಂಥ 50 ಮಕ್ಕಳನ್ನು ವರ್ಣಿಸಿದರು. ಮತ್ತೆ ಮತ್ತೆ ಕೈತೊಳೆಯುವಂಥ ಗೀಳು, ಕಣ್ಣುಮಿಟುಕಿಸುವಂಥ ಅಂಗಚೇಷ್ಟೆಗಳು ಇವರಲ್ಲಿ ಹಠಾತ್ತನೆ ಕಾಣಿಸಿಕೊಂಡಿದ್ದವು. ಸ್ಟ್ರೆಪ್ಟೊಕಾಕಸ್ ಸೋಂಕಿನೊಡನೆ ಅವು ಉಲ್ಬಣಿಸುತ್ತಿದ್ದವು. ಇದಕ್ಕೆ ‘ಪ್ಯಾಂಡಾಸ್’ ಎಂದು ಹೆಸರಾಯಿತು.

ಆದರೆ ಇಲ್ಲಿ ನಾವು ಆತುರಪಡಬಾರದು. ಶಾಲೆಗೆ ಹೋಗುವ ಮಕ್ಕಳಲ್ಲಿ ಗಂಟಲುಬೇನೆ ತೀರ ಸಾಮಾನ್ಯ. ಗೀಳಿನ ಹಿಂದೆಯೇ ಗಂಟಲುನೋವು ಇದ್ದರೆ ಅದು ಕಾಗೆ ಕೂತು ಕೊಂಬೆ ಮುರಿದಂತೆಯೂ ಇರಬಹುದು. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಸ್ಟ್ರೆಪ್ಟೊಕಾಕಸ್ ಸೋಂಕು ತಗಲಿದ ಮಕ್ಕಳಲ್ಲಿ ಗೀಳುರೋಗದ ಸಂಭವ ಹೆಚ್ಚೆಂದು ಅದು ತೋರಿಸಿತು. ಆದರೆ ಆ ರೋಗಾಣುವಿಲ್ಲದ ಗಂಟಲುಬೇನೆಯ ಬಳಿಕವೂ ಸ್ವಲ್ಪಮಟ್ಟಿನ ಹೆಚ್ಚಳ ಕಂಡಿತು! ಆದ್ದರಿಂದ ದೋಷವೆಲ್ಲ ಒಂದೇ ರೋಗಾಣುವಿನದೆನ್ನಲಾಗದು. ಪ್ಯಾಂಡಾಸ್ ಕುರಿತ ಚರ್ಚೆ ಇನ್ನೂ ಮುಗಿದಿಲ್ಲ. ಗಂಟಲುನೋವು ಬಂದ ಬಹುಪಾಲು ಮಕ್ಕಳಿಗೆ ಇಂಥ ಯಾವ ತೊಂದರೆಯೂ ಆಗುವುದಿಲ್ಲ.

ಕೋರಿಯಾದ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಅದು ರುಮ್ಯಾಟಿಕ್ ಜ್ವರದ ಒಂದು ರೂಪ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕುಣಿತ ತಾನಾಗಿ ಅಡಗುತ್ತದೆ. ಆದರೆ ಅದೇ ಜ್ವರ ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಲ್ಲುದು. ನಮ್ಮ ದೇಶದಲ್ಲಿ ಈ ಪಿಡುಗು ಇನ್ನೂ ತೊಲಗಿಲ್ಲ. ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಅದರ ಚುಚ್ಚುಮದ್ದು ಬೇಕಾಗುತ್ತದೆ. ಗಂಟಲುನೋವುಗಳಲ್ಲಿ ಹೆಚ್ಚಿನವು ವೈರಸ್‌ಗಳಿಂದ ಬರುವುವು. ಅವಕ್ಕೆ ಪೆನಿಸಿಲಿನ್ ನಾಟದು. ಆದುದರಿಂದ ಯಾವುದು ಯಾವುದೆಂಬುದನ್ನು ವೈದ್ಯರೇ ನಿರ್ಣಯಿಸಬೇಕು.

ಮಗುವಿನ ನಡತೆ ಹಠಾತ್ತನೆ ಬದಲಾದರೆ ಬೆತ್ತಕ್ಕೂ ಮಂತ್ರಕ್ಕೂ ಮೊದಲು ವೈದ್ಯರ ಬಾಗಿಲನ್ನು ತಟ್ಟೋಣ. ಹಾಗೆ ಮಾಡಿದರೆ ಒಂದು ಮಗು ಅನ್ಯಾಯದ ಶಿಕ್ಷೆಯಿಂದ ಪಾರಾದೀತು. ಅದರ ಹೃದಯವೂ ಉಳಿದೀತು.