ಪ್ರೊಸೆಸ್ ಕ್ಲಾಸ್ (ಡಾಟ್ ನೆಟ್)

ಪ್ರೊಸೆಸ್ ಎಂಬುದು ಮೈಕ್ರೋಸಾಫ್ಟ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಡಾಟ್ ನೆಟ್ ತಂತ್ರಾಂಶ ಚೌಕಟ್ಟಿನ ಒಂದು ಕ್ಲಾಸ್. ಗಣಕಯಂತ್ರದಲ್ಲಿ ಚಾಲನೆಯಲ್ಲಿರುವ ಕ್ರಮವಿಧಿಗಳನ್ನು ಪಟ್ಟಿ ಮಾಡಲು, ಹೊಸದನ್ನು ಆರಂಭಿಸಲು ಹಾಗೂ ನಡೆಯುತ್ತಿರುವುದನ್ನು ಮುಕ್ತಾಯಗೊಳಿಸಲು ಇದನ್ನು ಬಳಸಲಾಗುತ್ತದೆ. ಇದು ಸಿಸ್ಟಮ್ ಡಯಾಗ್ನಾಸ್ಟಿಕ್ಸ್ ಎಂಬ ನೇಮ್‌ಸ್ಪೇಸ್‌ಗೆ ಸೇರಿದ್ದು, 2002ರಲ್ಲಿ ಬಿಡುಗಡೆಯಾದ ಡಾಟ್ ನೆಟ್ ಫ್ರೇಮ್‌ವರ್ಕ್‌ನ ಮೊದಲ ಆವೃತ್ತಿಯಿಂದಲೂ ಲಭ್ಯವಿದೆ. ಸಿ ಶಾರ್ಪ್, ವಿಷುಯಲ್ ಬೇಸಿಕ್ ಮೊದಲಾದ ಭಾಷೆಗಳಲ್ಲಿ ಡೆಸ್ಕ್‌ಟಾಪ್ ಅಪ್ಲಿಕೇಶನ್ ಬರೆಯುವವರು ಇದನ್ನು ಬಳಸುತ್ತಾರೆ.

ಹಿನ್ನೆಲೆ

ಡಿಸ್ಕಿನಲ್ಲಿರುವ ಕ್ರಮವಿಧಿಯು ಸ್ಮೃತಿಗೆ ಬಂದು ಚಾಲನೆಗೊಂಡಾಗ ಅದನ್ನು ಪ್ರಕ್ರಿಯೆ ಅಥವಾ ಪ್ರೊಸೆಸ್ ಎನ್ನುತ್ತಾರೆ. ಕಾರ್ಯಾಚರಣಾ ವ್ಯವಸ್ಥೆಯು ಪ್ರತಿಯೊಂದು ಪ್ರಕ್ರಿಯೆಗೂ ಪ್ರತ್ಯೇಕ ಸ್ಮೃತಿ ವಲಯವನ್ನೂ ಒಂದು ಗುರುತಿನ ಸಂಖ್ಯೆಯನ್ನೂ ನೀಡುತ್ತದೆ. ಒಂದೇ ಕ್ರಮವಿಧಿಯಿಂದ ಹಲವು ಪ್ರಕ್ರಿಯೆಗಳು ಹುಟ್ಟಬಹುದು. ಗೂಗಲ್ ಕ್ರೋಮ್‌ನಂತಹ ಜಾಲವೀಕ್ಷಕವು ಏಕಕಾಲದಲ್ಲಿ ಒಂದೇ ಹೆಸರಿನ ಹತ್ತಾರು ಪ್ರಕ್ರಿಯೆಗಳನ್ನು ನಡೆಸುತ್ತದೆ. ಆದುದರಿಂದ ಹೆಸರು ಒಂದು ಪ್ರಕ್ರಿಯೆಯನ್ನು ನಿಖರವಾಗಿ ಗುರುತಿಸುವುದಿಲ್ಲ.

ಪಟ್ಟಿ ಮಾಡುವಿಕೆ

ಗೆಟ್‌ಪ್ರೊಸೆಸಸ್ ಎಂಬ ಮೆಥಡ್ ಗಣಕಯಂತ್ರದಲ್ಲಿರುವ ಎಲ್ಲ ಪ್ರಕ್ರಿಯೆಗಳ ಸರಣಿಯನ್ನು ನೀಡುತ್ತದೆ. ಪ್ರತಿಯೊಂದರ ಹೆಸರು, ಗುರುತಿನ ಸಂಖ್ಯೆ, ಆರಂಭವಾದ ಸಮಯ, ಬಳಸುತ್ತಿರುವ ಸ್ಮೃತಿಯ ಪ್ರಮಾಣ ಮುಂತಾದ ವಿವರಗಳನ್ನು ಇದರಿಂದ ಪಡೆಯಬಹುದು. ಗೆಟ್‌ಪ್ರೊಸೆಸಸ್‌ಬೈನೇಮ್ ಮೆಥಡ್ ನಿರ್ದಿಷ್ಟ ಹೆಸರಿನವುಗಳನ್ನು ಮಾತ್ರ ಹುಡುಕುತ್ತದೆ. ವಿಂಡೋಸ್‌ನಲ್ಲಿ ಇದಕ್ಕೆ ಕೊಡುವ ಹೆಸರಿನಲ್ಲಿ ಕಡತದ ಕೊನೆಯ ಡಾಟ್ ಇಎಕ್ಸ್‌ಇ ಭಾಗವನ್ನು ಸೇರಿಸಬಾರದು. ಸೇರಿಸಿದರೆ ಯಾವುದೇ ದೋಷಸೂಚನೆಯಿಲ್ಲದೆ ಖಾಲಿ ಪಟ್ಟಿ ದೊರೆಯುತ್ತದೆ.

ಪಟ್ಟಿಯಲ್ಲಿ ಬಳಕೆದಾರನು ತೆರೆದ ಅಪ್ಲಿಕೇಶನ್‌ಗಳಷ್ಟೇ ಅಲ್ಲದೆ ಹಿನ್ನೆಲೆಯಲ್ಲಿ ನಡೆಯುವ ಸೇವೆಗಳೂ ಇರುತ್ತವೆ. ಪರದೆಯ ಮೇಲೆ ಕಾಣುವ ಅಪ್ಲಿಕೇಶನ್‌ಗಳು ಮಾತ್ರ ಬೇಕಾದಾಗ, ಮುಖ್ಯ ವಿಂಡೋದ ಶೀರ್ಷಿಕೆ ಖಾಲಿ ಇರುವವುಗಳನ್ನು ಕೈಬಿಡುವುದು ರೂಢಿ. ಈ ಪಟ್ಟಿಯು ಆ ಕ್ಷಣದ ಚಿತ್ರಣ ಮಾತ್ರ. ಪಟ್ಟಿಯನ್ನು ಓದುತ್ತಿರುವಾಗಲೇ ಅದರಲ್ಲಿನ ಒಂದು ಪ್ರಕ್ರಿಯೆ ಮುಗಿದುಹೋಗಬಹುದು.

ಮುಕ್ತಾಯಗೊಳಿಸುವಿಕೆ

ಪ್ರಕ್ರಿಯೆಯನ್ನು ಮುಕ್ತಾಯಗೊಳಿಸಲು ಎರಡು ಮಾರ್ಗಗಳಿವೆ.

ಮೊದಲನೆಯದು ಕ್ಲೋಸ್‌ಮೇನ್‌ವಿಂಡೋ. ಇದು ಅಪ್ಲಿಕೇಶನ್‌ನ ಮುಖ್ಯ ವಿಂಡೋಗೆ ಮುಚ್ಚುವಂತೆ ಕೋರುವ ಸಂದೇಶವನ್ನು ಕಳುಹಿಸುತ್ತದೆ. ಬಳಕೆದಾರನು ವಿಂಡೋದ ಮೂಲೆಯ ಗುಣಾಕಾರ ಚಿಹ್ನೆಯನ್ನು ಒತ್ತಿದಾಗ ಆಗುವುದೂ ಇದೇ. ಅಪ್ಲಿಕೇಶನ್ ತನ್ನ ಕಡತಗಳನ್ನು ಉಳಿಸಬಹುದು, ಬಳಕೆದಾರನನ್ನು ಪ್ರಶ್ನಿಸಬಹುದು ಅಥವಾ ಮುಚ್ಚಲು ನಿರಾಕರಿಸಲೂಬಹುದು. ಈ ಮೆಥಡ್ ಹಿಂದಿರುಗಿಸುವ ಸಕಾರಾತ್ಮಕ ಉತ್ತರದ ಅರ್ಥ ಸಂದೇಶ ಹೋಗಿದೆ ಎಂಬುದಷ್ಟೇ; ಅಪ್ಲಿಕೇಶನ್ ಮುಚ್ಚಿದೆ ಎಂಬುದಲ್ಲ.

ಎರಡನೆಯದು ಕಿಲ್. ಇದು ಅಪ್ಲಿಕೇಶನ್‌ನ ಒಪ್ಪಿಗೆ ಕೇಳದೆ ಕಾರ್ಯಾಚರಣಾ ವ್ಯವಸ್ಥೆಯ ಮೂಲಕ ಬಲವಂತವಾಗಿ ಪ್ರಕ್ರಿಯೆಯನ್ನು ಕೊನೆಗೊಳಿಸುತ್ತದೆ. ಉಳಿಸದ ದತ್ತಾಂಶವು ನಷ್ಟವಾಗುತ್ತದೆ. ಅರ್ಧ ಬರೆದ ಕಡತಗಳು ಹಾಗೆಯೇ ಉಳಿಯಬಹುದು. ವಿಂಡೋ ಇಲ್ಲದ ಪ್ರಕ್ರಿಯೆಗಳಿಗೆ ಮೊದಲ ಮಾರ್ಗವು ಅನ್ವಯಿಸುವುದಿಲ್ಲ. ಪ್ರಕ್ರಿಯೆಯ ಜೊತೆಗೆ ಅದು ಹುಟ್ಟುಹಾಕಿದ ಪ್ರಕ್ರಿಯೆಗಳನ್ನೂ ಕೊನೆಗೊಳಿಸುವ ಸೌಲಭ್ಯವನ್ನು 2019ರ ಡಾಟ್ ನೆಟ್ ಕೋರ್ 3.0 ಆವೃತ್ತಿಯಲ್ಲಿ ಸೇರಿಸಲಾಯಿತು.

ಮೊದಲು ಕ್ಲೋಸ್‌ಮೇನ್‌ವಿಂಡೋ ಕರೆದು, ವೇಟ್‌ಫಾರ್‌ಎಕ್ಸಿಟ್ ಮೆಥಡ್ ಮೂಲಕ ಕೆಲವು ಸೆಕೆಂಡುಗಳ ಕಾಲ ಕಾದು, ಆಮೇಲೂ ಮುಗಿಯದಿದ್ದರೆ ಬಳಕೆದಾರನ ಅನುಮತಿ ಪಡೆದು ಕಿಲ್ ಬಳಸುವುದು ಸುರಕ್ಷಿತ ಕ್ರಮ. ಕ್ಲೋಸ್ ಎಂಬ ಹೆಸರಿನ ಇನ್ನೊಂದು ಮೆಥಡ್ ಪ್ರಕ್ರಿಯೆಯನ್ನು ಮುಚ್ಚುವುದೇ ಇಲ್ಲ. ಅದು ಕೋಡ್‌ನಲ್ಲಿರುವ ಆಬ್ಜೆಕ್ಟ್ ಹಿಡಿದಿಟ್ಟುಕೊಂಡ ಸಂಪನ್ಮೂಲಗಳನ್ನು ಮಾತ್ರ ಬಿಡುಗಡೆ ಮಾಡುತ್ತದೆ. ಅಪ್ಲಿಕೇಶನ್ ಎಂದಿನಂತೆ ನಡೆಯುತ್ತಿರುತ್ತದೆ.

ಸಾಮಾನ್ಯ ದೋಷಗಳು

ವರದಿ ಸಿದ್ಧಪಡಿಸುವ ಅನೇಕ ಅಪ್ಲಿಕೇಶನ್‌ಗಳು ಮೈಕ್ರೋಸಾಫ್ಟ್ ಎಕ್ಸೆಲ್ ಅನ್ನು ಪರದೆಯ ಮೇಲೆ ತೋರಿಸದೆ ತೆರೆದು ಬಳಸುತ್ತವೆ. ಕೋಡ್‌ನಲ್ಲಿ ಅದರ ಉಲ್ಲೇಖಗಳನ್ನು ಸರಿಯಾಗಿ ಬಿಡುಗಡೆ ಮಾಡದಿದ್ದರೆ, ಕೆಲಸ ಮುಗಿದ ಮೇಲೂ ಎಕ್ಸೆಲ್ ಪ್ರಕ್ರಿಯೆ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ಇದಕ್ಕೆ ಪರಿಹಾರವೆಂದು ಎಕ್ಸೆಲ್ ಹೆಸರಿನ ಎಲ್ಲ ಪ್ರಕ್ರಿಯೆಗಳನ್ನೂ ಕಿಲ್ ಮಾಡಿದರೆ, ಬಳಕೆದಾರನು ತಾನೇ ತೆರೆದು ಕೆಲಸ ಮಾಡುತ್ತಿದ್ದ ಲೆಕ್ಕಪತ್ರವೂ ಉಳಿಸದ ಬದಲಾವಣೆಗಳೊಂದಿಗೆ ಮಾಯವಾಗುತ್ತದೆ. ಉಲ್ಲೇಖಗಳನ್ನು ಬಿಡುಗಡೆ ಮಾಡುವುದೇ ಸರಿಯಾದ ಪರಿಹಾರ. ಬಲವಂತ ಅನಿವಾರ್ಯವಾದರೆ, ತಾನು ತೆರೆದ ಎಕ್ಸೆಲ್‌ನ ವಿಂಡೋ ಮೂಲಕ ಅದರ ಗುರುತಿನ ಸಂಖ್ಯೆಯನ್ನು ತಿಳಿದು, ಅದೊಂದನ್ನೇ ಕೊನೆಗೊಳಿಸಬೇಕು.

ಗುರುತಿನ ಸಂಖ್ಯೆಯೂ ಶಾಶ್ವತವಲ್ಲ. ಪ್ರಕ್ರಿಯೆ ಮುಗಿದ ನಂತರ ಅದೇ ಸಂಖ್ಯೆಯನ್ನು ಕಾರ್ಯಾಚರಣಾ ವ್ಯವಸ್ಥೆಯು ಇನ್ನೊಂದಕ್ಕೆ ನೀಡಬಹುದು. ಹಿಂದೆ ಬರೆದಿಟ್ಟ ಸಂಖ್ಯೆಯನ್ನು ಬಳಸುವ ಮೊದಲು ಹೆಸರು ಮತ್ತು ಆರಂಭದ ಸಮಯವನ್ನು ಹೋಲಿಸಿ ನೋಡುವುದು ಅಗತ್ಯ. ವ್ಯವಸ್ಥೆಯ ರಕ್ಷಿತ ಪ್ರಕ್ರಿಯೆಗಳನ್ನೂ ಹೆಚ್ಚಿನ ಅಧಿಕಾರದಲ್ಲಿ ನಡೆಯುವವುಗಳನ್ನೂ ಸಾಮಾನ್ಯ ಬಳಕೆದಾರನ ಅಪ್ಲಿಕೇಶನ್ ಮುಕ್ತಾಯಗೊಳಿಸಲಾರದು. ಅಂತಹ ಪ್ರಯತ್ನವು ದೋಷಸೂಚನೆಯಲ್ಲಿ ಕೊನೆಗೊಳ್ಳುತ್ತದೆ.

ಇತರ ವ್ಯವಸ್ಥೆಗಳಲ್ಲಿ

ಕೋರಿಕೆ ಮತ್ತು ಬಲವಂತಗಳ ನಡುವಿನ ಈ ವ್ಯತ್ಯಾಸ ಇತರ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿಯೂ ಇದೆ. ಲಿನಕ್ಸ್‌ನಲ್ಲಿ ಪ್ರಕ್ರಿಯೆಗಳ ವಿವರಗಳು ಪ್ರೊಕ್ ಎಂಬ ಕಡತಕೋಶದಲ್ಲಿ ದೊರೆಯುತ್ತವೆ. ಅಲ್ಲಿ 15ನೆಯ ಸಂಕೇತವಾದ ಸಿಗ್‌ಟರ್ಮ್ ಅನ್ನು ಪ್ರಕ್ರಿಯೆಯು ಸ್ವೀಕರಿಸಿ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಬಹುದು. 9ನೆಯ ಸಂಕೇತವಾದ ಸಿಗ್‌ಕಿಲ್ ಅನ್ನು ತಡೆಯಲು ಸಾಧ್ಯವಿಲ್ಲ. ಆಪಲ್‌ನ ಮ್ಯಾಕ್ ಗಣಕಯಂತ್ರಗಳಲ್ಲಿ ಎನ್‌ಎಸ್‌ರನ್ನಿಂಗ್‌ಅಪ್ಲಿಕೇಶನ್ ಎಂಬ ಕ್ಲಾಸ್ ಟರ್ಮಿನೇಟ್ ಮತ್ತು ಫೋರ್ಸ್‌ಟರ್ಮಿನೇಟ್ ಎಂಬ ಎರಡು ಮೆಥಡ್‌ಗಳನ್ನು ಒದಗಿಸುತ್ತದೆ.