ಐದು ಕಪ್ಪು ಮನೆ, ಐದು ರಾಗ

ಕೋಲಾರ ಸೀಮೆಯ ಕ್ಯಾಲನೂರಿನಲ್ಲಿ ಕೂತು ಹೊಸ ಹಾಡು ಕಟ್ಟುವ ಆಸೆ ಇರುವವರೇ, ಭಜನೆಯ ಹಾರ್ಮೋನಿಯಂ ಎದುರಿಗೆ ಎಳೆದುಕೊಳ್ಳಿ. ಬಿಳಿ ಮನೆಗಳನ್ನು ಮುಟ್ಟಲೇಬೇಡಿ! ಒಂದು ಸ್ಥಾಯಿಯಲ್ಲಿ ಕಪ್ಪು ಮನೆ ಇರುವುದು ಐದೇ ಐದು. ಆ ಐದರೊಳಗೆ ಐದು ರಾಗ ಅಡಗಿ ಕೂತಿವೆ.

ಕಪ್ಪು ಮೂರನ್ನು ಷಡ್ಜ ಮಾಡಿಕೊಂಡು ಕಪ್ಪಿನಲ್ಲೇ ಮೇಲಕ್ಕೆ ಹತ್ತಿ: ಸ ರಿ ಗ ಪ ದ. ಮೋಹನ! ಈಗ ಷಡ್ಜವನ್ನು ಕಪ್ಪು ನಾಲ್ಕಕ್ಕೆ ಸರಿಸಿ, ಶ್ರುತಿಯನ್ನೂ ಅಲ್ಲಿಗೇ ಹಿಡಿಯಿರಿ. ಅವೇ ಐದು ಸ್ವರ, ಆದರೆ ಕಿವಿಗೆ ಬೀಳುವುದು ಕಛೇರಿ ಮುಗಿಸುವಾಗ ಹಾಡುವ ಮಧ್ಯಮಾವತಿ. ಕಪ್ಪು ಐದಕ್ಕೆ ಹೋದರೆ ಹಿಂದೋಳ, ಹಿಂದೂಸ್ತಾನಿಯವರ ಮಾಲಕೌಂಸ್. ಕಪ್ಪು ಒಂದರಿಂದ ಶುದ್ಧ ಸಾವೇರಿ, ಕಪ್ಪು ಎರಡರಿಂದ ಶುದ್ಧ ಧನ್ಯಾಸಿ. ಹೊಸದಾಗಿ ಒಂದು ಸ್ವರವೂ ಸೇರಲಿಲ್ಲ, ಇದ್ದದ್ದು ಒಂದೂ ಹೋಗಲಿಲ್ಲ!

ಇದೇ ಗ್ರಹಭೇದ. ಭರತನ ನಾಟ್ಯಶಾಸ್ತ್ರ ಹೇಳುವ ಮೂರ್ಛನೆಗಳ ಹಿಂದಿರುವುದೂ ಇದೇ ತಿಳಿವು. ಷಡ್ಜದಿಂದ ಎಷ್ಟು ದೂರ ನಿಂತಿದೆ ಎಂಬುದೇ ಸ್ವರದ ಬಣ್ಣವನ್ನು ತೀರ್ಮಾನಿಸುತ್ತದೆ. ಹಾರ್ಮೋನಿಯಂ ಕೊಡುವುದು ರಾಗದ ಎಲುಬುಗೂಡನ್ನಷ್ಟೇ ನಿಜ, ಗಮಕಕ್ಕೆ ಗಂಟಲೇ ಬೇಕು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿದಾಗ ಗಮಕ ಬಾರದೆಂಬ ದೂರೂ ಇತ್ತು. ಆದರೂ ಹಾಡು ಕಟ್ಟುವವರಿಗೆ ಇಷ್ಟು ಬಿಡಿಸಿ ತೋರಿಸುವ ಗುರು ಬೇರೊಂದಿಲ್ಲ.

ಇನ್ನೂ ಇದೆ, ಕೇಳಿ. ಕಪ್ಪು ಮೂರಕ್ಕೇ ವಾಪಸು ಬನ್ನಿ. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಪಾಶ್ಚಾತ್ಯರು ಮೇಜರ್ ಕಾರ್ಡ್ ಎನ್ನುವುದು ಇದನ್ನೇ; ಬಯಲಿಗೆ ಬಂದಂಥ ನಿರಾಳ. ಸ, ಗ ಹಿಡಿದ ಬೆರಳು ಎತ್ತದೆ, ಪಂಚಮ ಬಿಟ್ಟು ಪಕ್ಕದ ಧೈವತ ಒತ್ತಿ. ಸರಿದದ್ದು ಒಂದೇ ಬೆರಳು, ಅದೂ ಪಕ್ಕದ ಕಪ್ಪು ಮನೆಗೆ. ಮೈನರ್ ಕಾರ್ಡ್! ಈಗ ತಾನೇ ನಗುತ್ತಿದ್ದ ಗಾಂಧಾರಕ್ಕೆ ವಿಷಾದ ಕವಿಯುತ್ತದೆ. ಮೋಹನದ ಸ್ವರಗಳೊಳಗೆ ಸಿಗುವ ಮೇಜರ್, ಮೈನರ್ ಕಾರ್ಡ್‌ಗಳು ಇವೆರಡೇ. ಪಲ್ಲವಿಯ ಸಾಲನ್ನು ಮೊದಲನೆಯದರ ಮೇಲೆ ಹಾಡಿ. ಚರಣ ಮುಗಿದು ಅದೇ ಸಾಲು ಮರಳಿ ಬಂದಾಗ ಅಡಿಯಲ್ಲಿ ಎರಡನೆಯದನ್ನು ಹಿಡಿಯಿರಿ. ಮಾತು ಅದೇ, ಮಟ್ಟು ಅದೇ, ಆದರೆ ಕೇಳಿದವರ ಎದೆಗೆ ತಾಗುವುದೇ ಬೇರೆ!

ಈ ಎರಡೂ ದಾರಿ ಬಲ್ಲವರು ನಮ್ಮ ನಾಡಿನಲ್ಲೇ ಇದ್ದರು. ಪಿಯಾನೊ ಕಲಿತ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ನಿಕೊಲಾಯ್ ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರೂ ಅವರೇ! ಇನ್ನು ಇಳಯರಾಜ ಪಳಗಿದ್ದು ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ. ರಾಗ ಕೆಡದಂತೆ ಅದರಡಿ ಕಾರ್ಡ್ ಹರಿಸುವುದರಲ್ಲಿ ಇಳಯರಾಜರನ್ನು ಮೀರಿಸಿದವರನ್ನು ನಾನು ಕೇಳಿಲ್ಲ.

ಕೋಲಾರ ಸೀಮೆಗೆ ಎರಡನ್ನು ಬೆಸೆಯುವುದು ಹೊಸದೇನಲ್ಲ. ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಪದ ಕಟ್ಟಿದವರು. ಹಾಗಾಗಿ, ಕಟ್ಟಿದ ಮಟ್ಟು ಸಪ್ಪೆ ಎನಿಸಿದರೆ ಅದನ್ನು ಕೈಬಿಡಬೇಡಿ. ಮೊದಲು ಷಡ್ಜ ಸರಿಸಿ ನೋಡಿ, ಆಮೇಲೆ ಅಡಿಯ ಕಾರ್ಡ್ ಬದಲಿಸಿ ನೋಡಿ. ಇವತ್ತು ಸಂಜೆಯೇ ಕೂತು ನೋಡಿ!